ಸ್ವಲ್ಪ ಹೊಟ್ಟೆನೋವು

ಹಸಿರು ಪರದೆಯ ಕೆಳಗೆ ಒಂದು ಜೊತೆ ಚಪ್ಪಲಿ ಕಾಣುತ್ತಿವೆ, ಕಂದು ಬಣ್ಣದವು, ಎಡಗಾಲಿನದು ಮಾತ್ರ ಸಣ್ಣಗೆ ಅಲುಗುತ್ತಿದೆ, ಡಾಕ್ಟರಮ್ಮನ ಕಾಲೇ ಇರಬೇಕು, ಬೇರೆ ಯಾರ ಕಾಲು ಇಲ್ಲಿ ಅಷ್ಟು ನಿಶ್ಚಿಂತೆಯಿಂದ ಅಲುಗೀತು, ಎಂಟು ಹೆಜ್ಜೆ ಅಷ್ಟೆ, ಎಂಟು ಹೆಜ್ಜೆ ಹಾಕಿದರೆ ಆ ಕಾಲನ್ನು ಹಿಡಿದುಕೊಂಡು ಬಿಡಬಹುದು, ಆದರೆ ಆ ಎಂಟು ಹೆಜ್ಜೆಯ ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನರ್ಸು ನೀಲಗಂಗಮ್ಮ, ನೀಲಗಂಗಮ್ಮನ ಕೈಯಲ್ಲಿ ಚೀಟಿಗಳ ಕಟ್ಟು, ಆ ಕಟ್ಟಿನ ಅಡಿಯಲ್ಲೆಲ್ಲೋ ಮಾಳಮ್ಮನ ಚೀಟಿ, ನಲವತ್ತೊಂದನೆಯದು. ಈಗ ಕರೆದದ್ದು ಇಪ್ಪತ್ತೆರಡು. ಹುಲುಗಮ್ಮ ಮತ್ತೆ ಕಣ್ಣಿನಲ್ಲೇ ಹೆಜ್ಜೆ ಎಣಿಸಿದಳು, ಎಂಟೇ, ಎಷ್ಟು ಸಲ ಎಣಿಸಿದರೂ ಎಂಟೇ, ಗೋಡೆಯ ಗಡಿಯಾರ ಹತ್ತೂವರೆ ತೋರಿಸುತ್ತಿದೆ, ಹನ್ನೆರಡಕ್ಕೆ ಡಾಕ್ಟರಮ್ಮ ಎದ್ದು ಹೋಗುತ್ತಾರಂತೆ, ಹೊಸಪೇಟೆಯಲ್ಲಿ ಅವರಿಗೆ ಇನ್ನೊಂದು ದವಾಖಾನೆ ಇದೆಯಂತೆ, ಹಾಗಂತ ಪಕ್ಕದ ಹೆಂಗಸು ಹೇಳಿದ್ದು. ಮಾಳಮ್ಮ ಬೆಂಚಿನ ಮೇಲೆ ನೆಟ್ಟಗೆ ಕುಳಿತಿದ್ದಾಳೆ, ಮೊಣಕಾಲು ಜೋಡಿಸಿಕೊಂಡು, ಎರಡೂ ಕೈ ಹೊಟ್ಟೆಯ ಮೇಲೆ ಕಟ್ಟಿಕೊಂಡು, ಹೊಸಬರು ನೋಡಿದರೆ ಯಾರದೋ ಮನೆಗೆ ಕರೆಯಲು ಬಂದು ಕಾಯುತ್ತಿದ್ದಾಳೆ ಅನ್ನಬೇಕು. ಇಪ್ಪತ್ತೊಂದು ವರ್ಷದ ಮಗಳು, ಹೋದ ವರ್ಷ ಮಾಗಳಕ್ಕೆ ಕೊಟ್ಟದ್ದು, ಅಳಿಯ ಪಕ್ಕೀರಪ್ಪ ಕರೆಂಟಿನ ಲೈನ್‌ಮನ್, ಸರ್ಕಾರಿ ಪಗಾರ, ಕುಡಿಯುವುದಿಲ್ಲ, ಬಡಿಯುವುದಿಲ್ಲ, ಅಂಥವನು ಸಿಕ್ಕಿದ್ದೇ ಪುಣ್ಯ, ಈಗ ಅವಳಿಗೆ ಎರಡು ತಿಂಗಳು ತುಂಬಿ ಮೂರರಲ್ಲಿ ಬಿದ್ದಿದೆ ಎಂದು ಎಂಟು ದಿನದ ಹಿಂದೆ ತವರಿಗೆ, ಚಿಗಟೇರಿಗೆ, ಬಿಟ್ಟು ಹೋಗಿದ್ದ, ಅತ್ತಿ, ಚೆಂದಾಗಿ ನೋಡ್ಕೋರಿ ಅಂತ ಹೇಳಿ. ಚೆಂದಾಗಿಯೇ ನೋಡಿಕೊಂಡಳಲ್ಲ, ತಲೆ ಬಾಚಿ, ಹೂ ಮುಡಿಸಿ, ಕರೆದುಕೊಂಡು ಬಂದಿದ್ದಾಳಲ್ಲ.

ಸ್ವಲ್ಪ ಅಂದದ್ದು ಯಾಕೆ. ಆ ಒಂದು ಮಾತು ಬಾಯಿಂದ ಹೇಗೆ ಬಂತು, ಒಂಬತ್ತೂವರೆಗೆ ಬಸ್ಸಿಳಿದು, ಮಗಳ ಕಂಕುಳಿಗೆ ಕೈಕೊಟ್ಟು, ಕೊಟ್ಟೂರಿನ ಆ ಉದ್ದದ ಬಜಾರು ದಾಟಿಕೊಂಡು, ಹತ್ತಿ ಮಿಲ್ಲಿನ ಸಾಹುಕಾರರು ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ಈ ಹೆಂಗಸರ ಆಸ್ಪತ್ರೆಗೆ ಬಂದು, ಚೀಟಿಯ ಕಿಟಕಿಯ ಮುಂದೆ ನಿಂತಾಗ ಕಂಪೌಂಡರ್ ಉಜ್ಜಿನಪ್ಪ ತಲೆ ಎತ್ತದೆ ಕೇಳಿದ್ದ, ಹೆಸರು, ಮಾಳಮ್ಮ ರೀ, ಊರು, ಚಿಗಟೇರಿ ರೀ, ಏನಾಗೇತಿ. ಆಗ ಹೇಳಬೇಕಾಗಿದ್ದದ್ದು ಎಷ್ಟೊಂದಿತ್ತು — ಯಪ್ಪಾ, ನನ್ನ ಮಗಳು ನೋವು ಅಂತ ಬಾಯಿಬಿಟ್ಟು ಹೇಳಿದಾಕಿ ಅಲ್ಲ, ಇವತ್ತು ಬಾಯಿಬಿಟ್ಟಾಳ, ಎರಡು ಸಲ ಕಣ್ಣುಕತ್ತಲಿ ಬಂದು ಗೋಡಿ ಹಿಡಕೊಂಡಾಳ, ಬಸ್ಸಿನಾಗ ಕೈ ಐಸಿನಂಗ ತಣ್ಣಗಾಗಿತ್ತು — ಅದೆಲ್ಲ ಗಂಟಲಿನಲ್ಲಿ ಸಾಲುಗಟ್ಟಿ ನಿಂತಿತ್ತು, ಬಾಯಿಂದ ಬಂದದ್ದು ಮಾತ್ರ, ಸ್ವಲ್ಪ ಹೊಟ್ಟಿನೋವ್ರೀ ಯಪ್ಪಾ. ದೊಡ್ಡವರ ಮುಂದೆ ನಿಂತು ಭಾಳ ಅನ್ನುವುದು ಹೇಗೆ, ಭಾಳ ಅಂದರೆ ಅವರ ಮೇಲೆ ಜೋರು ಮಾಡಿದಂತೆ ಆಗುವುದಿಲ್ಲವೆ, ಗೌಡರ ಮನೆಯ ಹಿತ್ತಿಲಿನಲ್ಲಿ ನಿಂತು ಅನ್ನ ಕೇಳುವಾಗಲೂ ಸ್ವಲ್ಪ ಹಾಕ್ರಿ ಅನ್ನುತ್ತಿದ್ದಳು ಅವಳ ಅವ್ವ, ಹೊಟ್ಟೆ ಬೆನ್ನಿಗೆ ಹತ್ತಿರುತ್ತಿತ್ತು, ಆದರೂ ಸ್ವಲ್ಪ. ಅದು ಮರ್ಯಾದೆಯ ಮಾತು. ಆ ಮಾತನ್ನು ಉಜ್ಜಿನಪ್ಪ ಇದ್ದದ್ದು ಇದ್ದ ಹಾಗೆ ಚೀಟಿಯ ಮೇಲೆ ಬರೆದುಬಿಟ್ಟ, ಬರೆದು ಸೀಲು ಕುಕ್ಕಿದ, ಹೋಗಿ ಕುಂದರ್ರಿ ಅಂದ. ಹುಲುಗಮ್ಮನಿಗೆ ಎರಡಕ್ಷರ ಓದಲು ಬರುತ್ತದೆ, ಬಾಲವಾಡಿಯ ಆಯಾ ಆದ ಮೇಲೆ ಮಕ್ಕಳ ಜೊತೆ ಕುಳಿತು ಕಲಿತದ್ದು, ಚೀಟಿಯ ಮೇಲೆ ಸ್ವಲ್ಪ ಹೊಟ್ಟೆನೋವು ಎಂದಿರುವುದನ್ನು ಅವಳೇ ಕೂಡಿಸಿ ಓದಿದಳು, ಓದಿ ಸುಮ್ಮನೆ ಬೆಂಚಿಗೆ ಬಂದಳು. ಹತ್ತು ನಿಮಿಷ ಕುಳಿತ ಮೇಲೆ ಮನಸ್ಸು ತಡೆಯಲಿಲ್ಲ, ಮತ್ತೆ ಕಿಟಕಿಗೆ ಹೋಗಿ, ಯಪ್ಪಾ, ಸ್ವಲ್ಪ ಅಲ್ರೀ, ಭಾಳ ಐತ್ರೀ, ಅದೊಂದು ತಿದ್ದಿಕೊಡ್ರೀ ಅಂದಳು. ಉಜ್ಜಿನಪ್ಪ ಈಗ ತಲೆ ಎತ್ತಿದ, ಅವಳನ್ನು ನೋಡಿದ, ಅವಳ ಹಿಂದೆ ಬೆಂಚಿನ ಮೇಲೆ ನೆಟ್ಟಗೆ ಕುಳಿತ ಮಗಳನ್ನು ನೋಡಿದ, ಹತ್ತು ನಿಮಿಷದಾಗ ಸ್ವಲ್ಪ ಇದ್ದದ್ದು ಭಾಳ ಆತೇನಬೇ, ಎಲ್ಲರೂ ಬಂದು ಹಿಂಗ ತಿದ್ದಸ್ಕೊಂಡ್ರ ನಂಬರ್ ಯಾಕ ಕೊಡೋದು ನಾನು, ಹೋಗ್ ಹೋಗು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ದೇವರ ಚಪ್ಪಲಿ ಕಾಣುತ್ತಿವೆ, ಪೂಜಾರಿಗಳೇ ಇಬ್ಬರು.

ಆರು ಗಂಟೆಯ ಬಸ್ಸಿಗೆ ಬಂದಿದ್ದರೆ ನಂಬರು ಹತ್ತರೊಳಗೆ ಸಿಗುತ್ತಿತ್ತು. ಬರಬಹುದಿತ್ತು. ಬಸ್ಸು ಹಾರ್ನು ಹೊಡೆದದ್ದು ಮನೆಯ ತನಕ ಕೇಳಿಸಿತು, ಆಗ ಅವಳು ಬಾಗಿಲಿನಲ್ಲಿ ಕುಳಿತು ಮಗಳ ತಲೆ ಬಾಚುತ್ತಿದ್ದಳು, ಬಾಚಣಿಗೆ ಕೈಯಲ್ಲಿತ್ತು, ಜಡೆ ಅರ್ಧ ಆಗಿತ್ತು, ಹೋಗಲಿ, ಎಂಟರ ಬಸ್ಸಿಗೆ ಹೋದರಾಯಿತು ಅಂದುಕೊಂಡಳು — ಅಂದುಕೊಂಡಳಲ್ಲ, ಆ ಮನಸ್ಸಿಗೆ ಬೆಂಕಿ ಬೀಳಲಿ. ಬೆಳಕು ಹರಿಯುವ ಮೊದಲೇ ಮಾಳಮ್ಮ ಒಲೆಯ ಹತ್ತಿರ ಬಂದು ನಿಂತಿದ್ದಳು, ಯವ್ವಾ, ಹೊಟ್ಟಿ ನೋಯಾಕತ್ತೈತಿ ಅಂದಳು, ಅಷ್ಟೆ, ಆದರೆ ಹುಲುಗಮ್ಮನ ಕೈಯಲ್ಲಿದ್ದ ಊದುಗೊಳವಿ ಅಲ್ಲೇ ನಿಂತಿತು, ಯಾಕೆಂದರೆ ಈ ಹುಡುಗಿ ಎಂಟು ವರ್ಷದವಳಿದ್ದಾಗ ಅಂಗಾಲಿನಲ್ಲಿ ಜಾಲಿ ಮುಳ್ಳು ಮುರಿದುಕೊಂಡು ಮೂರು ದಿನ ಯಾರಿಗೂ ಹೇಳದೆ ಶಾಲೆಗೆ ನಡೆದಾಡಿದ್ದಳು, ಕಾಲು ಕೀವು ತುಂಬಿ ಕುಂಬಳಕಾಯಿ ಆದಾಗಲೇ ಗೊತ್ತಾದದ್ದು, ಯಾಕ್ ಹೇಳಲಿಲ್ಲ ಅಂದರೆ, ನೀನು ಬೈತಿಯಂತ ಅಂದಿದ್ದಳು. ಇಂಥವಳು ತಾನಾಗಿ ಬಂದು ನೋವು ಅಂದರೆ ಅದು ಬೇರೆಯವರು ಊರು ಕೇಳುವಂತೆ ಹೊರಳಾಡಿದ್ದಕ್ಕೆ ಸಮ. ಇದು ತಾಯಿಗೆ ಗೊತ್ತು, ಚೀಟಿಗೆ ಗೊತ್ತಿಲ್ಲ. ಗೊತ್ತಿದ್ದೂ ಅವಳು ಏನು ಮಾಡಿದಳು, ನೀರು ಕಾಯಿಸಿದಳು, ಮಗಳ ಮೈಗೆ ಸೋಪು ಹಚ್ಚಿ ಎರೆದಳು, ಮದುವೆಯ ಇಳಕಲ್ಲು ಸೀರೆ ತೆಗೆದಳು, ಕೆಂಪು ಸೆರಗಿನದು, ನೆರಿಗೆ ತಾನೇ ಹಿಡಿದಳು, ಬಾಗಿಲ ಮುಂದಿನ ಗಿಡದ ಮಲ್ಲಿಗೆ ಕಿತ್ತು ಮಾಲೆ ಕಟ್ಟಿದಳು, ಮಾಳಮ್ಮ ಬಾಗಿ ಬಾಗಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು, ಇದೆಲ್ಲಾ ಯಾಕಬೇ ಈಗ, ಸುಮ್ಮನ ಹೋಗೂನು ಅಂದಳು, ಹುಲುಗಮ್ಮ ಗದರಿಸಿದಳು, ದೊಡ್ಡೂರಿಗೆ ಹೊಂಟೀವಿ, ಹಿಂಗ ಜಿಡ್ಡು ಮಾರಿ ಹೊತ್ಕೊಂಡು ಹೋದ್ರ ಬಾಗಲದಾಗ ನಿಂದರಸ್ತಾರ, ತೊಳಕೊಂಡು ಹೋದ್ರ ಒಂದು ಮಾತು ಕಡಿಮಿ ಬೀಳತೈತಿ.

ಅದು ಅವಳ ಇಡೀ ಬದುಕಿನ ಬುದ್ಧಿ, ತೊಳೆದುಕೊಂಡು ಹೋದರೆ ಒಂದು ಮಾತು ಕಡಿಮೆ ಬೀಳುತ್ತದೆ. ಗಂಡ ಗಾಳೆಪ್ಪ ಸತ್ತ ವರ್ಷ ಬಾಲವಾಡಿ ಕೆಲಸಕ್ಕೆ ಅರ್ಜಿ ಹಾಕಿ ಹರಪನಹಳ್ಳಿಯ ಆಫೀಸಿಗೆ ಹೋಗಿದ್ದಳು, ಇದ್ದ ಒಂದೇ ಬಿಳಿ ಸೀರೆಯನ್ನು ರಾತ್ರಿ ಒಗೆದು ಬೆಳಿಗ್ಗೆ ಉಟ್ಟುಕೊಂಡು, ಅಲ್ಲಿದ್ದ ಸಾಹೇಬರು ಪಕ್ಕದವರ ಕಡೆ ತಿರುಗಿ, ನೋಡ್ರಿ, ಕೇರಿಯಾಕಿ ಅಂದ್ರ ನಂಬಂಗೇ ಇಲ್ಲ, ಎಷ್ಟು ನೀಟಾಗಿ ಅದಾಳ ಅಂದರು, ಕೆಲಸ ಆಯಿತು. ಆ ಮಾತನ್ನು ಅವಳು ಹದಿನೇಳು ವರ್ಷ ಸರ್ಟಿಫಿಕೇಟಿನಂತೆ ಎದೆಗೆ ಇಟ್ಟುಕೊಂಡು ತಿರುಗಿದ್ದಾಳೆ, ಬೈಗುಳವೋ ಹೊಗಳಿಕೆಯೋ ಎಂದು ಒಮ್ಮೆಯೂ ಬಿಚ್ಚಿ ನೋಡಲಿಲ್ಲ, ಮಗಳಿಗೆ ಹೇಳಿದಳು, ಓಣಿಯ ಹೆಣ್ಣುಮಕ್ಕಳಿಗೆಲ್ಲ ಹೇಳಿದಳು, ಸ್ವಚ್ಛ ಇರ್ರಿ, ಸುಮ್ಮನ ಇರ್ರಿ, ಯಾರ್ ಏನಂತಾರ ನೋಡೂನು. ಸೋಪು, ಬಾಚಣಿಗೆ, ಮುಚ್ಚಿದ ಬಾಯಿ, ಈ ಮೂರರ ಮೇಲೆ ಬದುಕು ಕಟ್ಟಿದವಳು ಅವಳು, ಕಟ್ಟಿದ್ದು ಇವತ್ತಿನ ತನಕ ನಿಂತಿತ್ತು ಕೂಡ. ಇಪ್ಪತ್ತಾರು, ಬರ್ರಿ. ಯಾರೋ ಎದ್ದು ಪರದೆಯ ಒಳಗೆ ಹೋದರು, ಚಪ್ಪಲಿಯ ಪಕ್ಕ ಇನ್ನೆರಡು ಬರಿಗಾಲು ಬಂದು ನಿಂತವು.

ಯವ್ವಾ, ಎಂದಳು ಮಾಳಮ್ಮ, ಮೆಲ್ಲಗೆ, ಭುಜ ನೋಯ್ತೈತಿ. ಭುಜ ಯಾಕವ್ವ, ಹೊಟ್ಟಿ ಅಂದಿ ಮುಂಜಾನಿ. ಹೊಟ್ಟೀನೂ ಐತಿ, ಈಗ ಭುಜಾನೂ. ಬಸ್ಸಿನ ಕುಲುಕಿಗೆ ಹಿಡಿದಿರಬೇಕು ಎಂದು ತಾನೇ ಸಮಾಧಾನ ಹೇಳಿಕೊಂಡು ಹುಲುಗಮ್ಮ ಮಗಳ ಭುಜ ಒತ್ತಿದಳು, ರವಿಕೆಯೊಳಗೆ ಮೈ ತಣ್ಣಗೆ ಒದ್ದೆಯಾಗಿತ್ತು, ಬಿಸಿಲಿನ ಬೆವರಲ್ಲ ಇದು, ಬಿಸಿಲಿನ ಬೆವರು ಬಿಸಿ ಇರುತ್ತದೆ. ಎದ್ದು ಹೋದಳು, ಎಂಟು ಹೆಜ್ಜೆಯಲ್ಲಿ ಐದು ಹಾಕಿ ಸ್ಟೂಲಿನ ಮುಂದೆ ನಿಂತಳು, ಅಮ್ಮಾರ, ನನ್ನ ಮಗಳ್ನ ಒಂಚೂರು ಮೊದಲು ಒಳಗ ಬಿಡ್ರಿ, ಈಗ ಭುಜಾನೂ ನೋಯ್ತೈತಿ ಅಂತಾಳ. ನೀಲಗಂಗಮ್ಮ ಚೀಟಿ ಹುಡುಕಿ ತೆಗೆದು ಓದಿದಳು, ಸ್ವಲ್ಪ ಹೊಟ್ಟೆನೋವು, ಓದಿ ನಕ್ಕಳು, ಕೆಟ್ಟ ನಗುವೇನಲ್ಲ, ಬೆಳಿಗ್ಗೆಯಿಂದ ನಿಂತು ಸಾಕಾದವರ ನಗು, ಹೊಟ್ಟಿ ಅಂತ ಬರಿಸಿದಿ, ಈಗ ಭುಜ ಅಂತಿ, ಇನ್ನೊಂದು ತಾಸಿಗೆ ಮೊಣಕಾಲು ಅಂತಿ, ಬಸುರ್ಯಾರಿಗೆ ಇವೆಲ್ಲ ಇರೋವ ಬೇ, ನೀ ಹಡದಿಲ್ಲೇನು. ಹಡದೀನ್ರಿ, ಅದಕ್ಕ ಹೇಳಾಕತ್ತೀನಿ. ನನಗ ಹೇಳಾಕ ಬರಬ್ಯಾಡ, ನಾ ಹನ್ನೆರಡು ವರ್ಷ ಇದನ್ನ ನೋಡೀನಿ, ಅರ್ಜೆಂಟು ಯಾವುದು ಅಂತ ಮಾರಿ ನೋಡಿದ್ರ ಗೊತ್ತಾಗತೈತಿ. ಹಾಗಂದು ಅವಳು ಬೆಂಚಿನ ಕಡೆ ನೋಡಿದಳು, ನೋಡಿದ್ದು ನಿಜ, ಆದರೆ ಅವಳಿಗೆ ಕಂಡದ್ದು ಎಣ್ಣೆ ಹಚ್ಚಿ ಬಾಚಿದ ತಲೆ, ಕುಂಕುಮ, ಮಲ್ಲಿಗೆ, ಮದುವೆ ಸೀರೆ. ಹುಲುಗಮ್ಮನೂ ತಿರುಗಿ ನೋಡಿದಳು, ಅವಳಿಗೆ ಕಂಡದ್ದು ಬೇರೆ, ಮಾಳಮ್ಮ ಸೆರಗಿನ ತುದಿಯನ್ನು ಬಾಯಿಗೆ ಇಟ್ಟುಕೊಂಡು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು, ದವಡೆಯ ಎಲುಬು ಕಿವಿಯ ಹತ್ತಿರ ಎದ್ದು ನಿಂತಿತ್ತು, ಉಳಿದ ಮುಖದಲ್ಲಿ ಏನೂ ಇರಲಿಲ್ಲ.

ಆಗಲೇ ಬಾಗಿಲಿನಲ್ಲಿ ಗದ್ದಲ ಎದ್ದದ್ದು. ಸತ್ತೆನಲ್ಲೋ, ಯವ್ವಾ ಸತ್ತೆನಲ್ಲೋ ಎಂದು ಆಸ್ಪತ್ರೆಯ ಹೆಂಚು ಹಾರುವಂತೆ ಒಂದು ಕೂಗು, ಹಿಂದೆ ಒಬ್ಬ ಮುದುಕಿ, ಮುದುಕಿಯ ತೋಳಿಗೆ ಜೋತುಬಿದ್ದು ಒಬ್ಬಳು ಗುಂಡಗಿನ ಹೆಂಗಸು, ಕೂದಲು ಕೆದರಿ, ಸೀರೆ ಜಾರಿ, ನೆಲಕ್ಕೆ ಕುಸಿದು ಕಾಲು ಬಡಿಯತೊಡಗಿದಳು. ಕುಳಿತವರೆಲ್ಲ ಎದ್ದು ನಿಂತರು, ಉಜ್ಜಿನಪ್ಪ ಕಿಟಕಿಯಿಂದ ಓಡಿ ಬಂದ, ಕೂಗಿದವಳಿಗೆ ಚೀಟಿ ಎಲ್ಲಿ ನಂಬರೆಷ್ಟು ಅಂತ ಯಾರೂ ಕೇಳಲಿಲ್ಲ, ನೀಲಗಂಗಮ್ಮ ಸ್ಟೂಲು ಕೆಡವಿಕೊಂಡು ಎದ್ದು, ಒಳಗ ತರ್ರಿ, ಮೊದಲು ಒಳಗ ತರ್ರಿ ಅಂದಳು, ಪರದೆ ಸರಿಯಿತು, ಮುಚ್ಚಿತು, ಕಂದು ಚಪ್ಪಲಿ ಎದ್ದು ನಿಂತವು. ಕಾಲು ಗಂಟೆಗೆ ಎಲ್ಲ ತಣ್ಣಗಾಯಿತು, ಮುದುಕಿ ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತು, ಎಲೆ ಅಡಿಕೆ ಚೀಲ ಬಿಚ್ಚಿ, ತಾನೇ ಮಾತಿಗೆ ಶುರುಮಾಡಿದಳು, ನಾನು ಎರ್ರಮ್ಮ ಅಂತ, ಉಜ್ಜಿನಿ ಕಡೀಗೆ ನಮ್ಮೂರು, ಸೊಸಿ ಜಂಬಕ್ಕ, ನಿನ್ನೆ ಹಸೇ ಶೇಂಗಾ ಒಂದು ಮೊರ ತಿಂದು ಕುಂತಾಳ, ವಾಯು ಹಿಡಕೊಂಡೈತಿ, ಸೂಜಿ ಹಾಕ್ಯಾರ, ಈಗ ನಿದ್ದಿ ಬಂದೈತಿ. ಶೇಂಗಾ ಏನ್ರಿ, ಎಂದಳು ಹುಲುಗಮ್ಮ. ಶೇಂಗಾನಬೇ, ಮತ್ತೇನು, ಎರ್ರಮ್ಮ ಸುಣ್ಣ ಹಚ್ಚುತ್ತ ಅವಳನ್ನೂ ಮಾಳಮ್ಮನನ್ನೂ ನೋಡಿದಳು, ಎಷ್ಟೊತ್ತಾತು ನೀವು ಬಂದು, ಎರಡು ತಾಸಿಗೆ ಹತ್ತರ ಆತಾ, ಅಯ್ಯ ಹುಚ್ಚೀ, ಚೀರಾಕ ಹೇಳಬೇ ಮಗಳಿಗೆ, ಅಳೋ ಕೂಸಿಗೇ ಹಾಲು, ಗೇಟು ದಾಟಿದ ಕೂಡ್ಲೇ ಶುರು ಮಾಡು ಅಂತ ನಾನೇ ಹೇಳಿದ್ದೆ ಇಕಿಗೆ. ಆ ಮುದುಕಿಯ ಮೇಲೆ ಸಿಟ್ಟು ಮಾಡಲು ಹುಲುಗಮ್ಮನಿಗೆ ಆಗಲಿಲ್ಲ, ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು, ತನ್ನ ಚೊಂಬಿನ ನೀರನ್ನು ಮಾಳಮ್ಮನ ಕಡೆ ಚಾಚಿದಳು ಕೂಡ, ನೀವು ಯಾವ ಪೈಕಿ ಅಂತ ಕೇಳಲಿಲ್ಲ. ಮಾಳಮ್ಮ ಕುಡಿಯಲಿಲ್ಲ, ಬಾಯಿಂದ ಸೆರಗು ತೆಗೆಯಬೇಕಲ್ಲ ಕುಡಿಯಲು.

ಬಾಯಿ ಇದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಬಾಯಿ ಇಲ್ಲದವರ ಸುದ್ದಿಯನ್ನು ಗಾದೆ ಮಾಡಿದವರು ಎತ್ತಲಿಲ್ಲ. ಹನ್ನೊಂದೂಕಾಲು, ಇಪ್ಪತ್ತೊಂಬತ್ತು, ಬರ್ರಿ. ಹುಲುಗಮ್ಮ ಮೂರನೆಯ ಸಲ ಎದ್ದಳು, ಈ ಸಲ ನರ್ಸಮ್ಮನ ಕಾಲಿಗೆ ಕೈ ಹಚ್ಚಿದಳು, ನಿಮ್ಮ ಕೂಸು ಅಂತ ತಿಳಕೊಳ್ರಿ, ಆಕಿ ಹೇಳೋದಿಲ್ರಿ, ಆಕಿಗೆ ಹೇಳಾಕ ಬರೋದಿಲ್ರಿ, ಎಂದಳು, ನೀಲಗಂಗಮ್ಮ ಕಾಲು ಹಿಂದಕ್ಕೆ ಎಳೆದುಕೊಂಡು, ಇದೊಳ್ಳೆ ಆತಲ್ಲ, ತಲಿ ಬಾಚಿ, ಹೂ ಮುಡಿದು, ಮದಿವಿ ಮನಿಗೆ ಬಂದಂಗ ಕುಂತಾಳ ನಿನ್ನ ಮಗಳು, ಅಂಥಾಕಿಗೆ ಏನಬೇ ಅರ್ಜೆಂಟು, ನೋವಿದ್ದೋರು ಹಿಂಗ ಸಿಂಗಾರ ಮಾಡ್ಕೊಂಡು ಬರ್ತಾರೇನು, ಎಂದಳು. ಹುಲುಗಮ್ಮ ಬೆಂಚಿಗೆ ಬಂದಳು, ಮಗಳ ಮುಂದೆ ನಿಂತಳು, ಮೊದಲು ಮಲ್ಲಿಗೆ ಕಿತ್ತಳು, ಬೆಳಿಗ್ಗೆ ತಾನೇ ಕಟ್ಟಿದ್ದು, ನಾರು ಹರಿದು ಹೂ ನೆಲಕ್ಕೆ ಚೆಲ್ಲಿದವು, ಜಡೆಯ ಕುಚ್ಚು ಬಿಚ್ಚಿದಳು, ಬೆರಳು ಹಾಕಿ ಜಡೆ ಬಿಡಿಸಿದಳು, ಎಣ್ಣೆಗೂದಲು ಕೆದರುವುದೇ ಇಲ್ಲ, ಅಷ್ಟು ಚೆನ್ನಾಗಿ ಬಾಚಿದ್ದಾಳೆ ಹಾಳಾದವಳು, ಎರಡೂ ಕೈಯಿಂದ ಉಜ್ಜಿದಳು, ಭುಜದ ಮೇಲಿನ ನೆರಿಗೆಯ ಪಿನ್ನು ತೆಗೆದಳು, ಬೆಂಚಿನ ಕೆಳಗಿನ ಧೂಳು ಬೆರಳಿಗೆ ಹತ್ತಿಸಿಕೊಂಡು ಮಗಳ ಕೆನ್ನೆಗೆ ಬಳಿದಳು, ಹಣೆಯ ಹತ್ತಿರ ಕೈ ಹೋಗಿ ನಿಂತಿತು, ಕುಂಕುಮ, ಇಲ್ಲ, ಅದಕ್ಕೆ ಕೈ ಹಚ್ಚಬಾರದು, ಗಂಡ ಇದ್ದವಳು, ಲೈನಿನ ಕಂಬ ಹತ್ತುವವನು, ಅದಕ್ಕೆ ಕೈ ಹಚ್ಚಬಾರದು. ಕೈ ಕೆಳಗೆ ಬಂತು. ಏನ್ ಮಾಡಾಕತ್ತೀ ಬೇ, ಎಂದು ಮಾಳಮ್ಮ ಸೆರಗಿನ ಸಂದಿನಿಂದ ಕೇಳಿದಳು, ಕಣ್ಣು ಅರ್ಧ ಮುಚ್ಚಿತ್ತು. ಚೀರವ್ವ, ಎಂದಳು ಹುಲುಗಮ್ಮ, ಕಿವಿಯ ಹತ್ತಿರ ಬಾಗಿ, ಚೀರು ನನ್ನವ್ವ, ಒಂದು ಸಲ ಗಟ್ಟಿಯಾಗಿ ಚೀರಿಬಿಡು, ಒಳಗ ಬಿಡ್ತಾರ. ಮಾಳಮ್ಮ ಅವ್ವನ ಮುಖವನ್ನು ಹುಚ್ಚು ಹಿಡಿಯಿತೇನೋ ಎಂಬಂತೆ ನೋಡಿದಳು, ಮಂದಿ ಅದಾರಬೇ, ಎಂದಳು, ಮತ್ತೆ ಸೆರಗು ಕಚ್ಚಿದಳು.

ಮಂದಿ ಇದ್ದಾರೆ. ಹೌದು, ಮಂದಿ ಯಾವಾಗಲೂ ಇದ್ದರು. ಇದೇ ಮಾಳಿಯನ್ನು ಹಡೆಯುವಾಗಲೂ ಗುಡಿಸಿಲಿನ ಹೊರಗೆ ಮಂದಿ ಇದ್ದರು, ಅತ್ತೆ ಹೇಳಿದ್ದಳು, ದನಿ ಹೊರಗ ಬೀಳಬಾರದು ನೋಡು, ಹುಲುಗಮ್ಮ ಹಗ್ಗ ಕಚ್ಚಿ ಹಡೆದಳು, ಕೂಸು ಅತ್ತ ಮೇಲೆಯೇ ಓಣಿಗೆ ಗೊತ್ತಾದದ್ದು, ಹಡದ್ರ ಹುಲುಗಿ ಹಂಗ ಹಡೀಬೇಕು ಅಂತ ಮೂರೂರು ಹೊಗಳಿತು, ಅವಳು ಹೆಮ್ಮೆಪಟ್ಟಳು, ಆ ಹೆಮ್ಮೆಯನ್ನು ತಿಂದುಕೊಂಡೇ ಬಾಣಂತನ ಮಾಡಿದಳು. ಹನ್ನೊಂದೂಮುಕ್ಕಾಲು. ಈಗ ಯಾರ ಹೊಗಳಿಕೆಯೂ ಬೇಡ, ಒಂದು ಕೂಗು ಬೇಕು, ಒಂದೇ ಒಂದು. ಹುಲುಗಮ್ಮ ಮಗಳ ಪಕ್ಕ ಒತ್ತಿ ಕುಳಿತಳು, ಯಾರಿಗೂ ಕಾಣದಂತೆ ಸೀರೆಯ ಮರೆಯಲ್ಲಿ ಕೈ ಹಾಕಿದಳು, ತೊಡೆಯ ಒಳಬದಿಯ ಮೆತ್ತನೆಯ ಮಾಂಸವನ್ನು ಎರಡು ಬೆರಳಿನಲ್ಲಿ ಹಿಡಿದು ಬಲವಾಗಿ ಚಿವುಟಿದಳು, ತಿರುವಿದಳು, ಚೀರು, ಚೀರವ್ವ. ಮಾಳಮ್ಮ ಬೆಚ್ಚಿದಳು, ಬೆನ್ನು ಇನ್ನೂ ನೆಟ್ಟಗಾಯಿತು, ಕೈಯಿಂದ ಸೆರಗನ್ನು ಇನ್ನಷ್ಟು ಒಳಗೆ ತುರುಕಿಕೊಂಡಳು, ಬಾಯಿ ತುಂಬ, ಉಸಿರೂ ಕೇಳದ ಹಾಗೆ — ಅಯ್ಯೋ ಶಿವನೆ. ಆಗ ಹುಲುಗಮ್ಮನಿಗೆ ತಿಳಿಯಿತು ತಾನು ಏನು ಮಾಡಿದೆ ಅಂತ. ಇದೇ ಚಿವುಟು. ಇದೇ ಎರಡು ಬೆರಳು, ಇದೇ ಜಾಗ. ಬಾಲವಾಡಿಗೆ ಮೇಲಿನವರು ಬಂದ ದಿನ ಕೂಸು ಕಟ್ಟೆಯಿಂದ ಬಿದ್ದು ಮೊಣಕೈ ತರಚಿಕೊಂಡು ಬಾಯಿ ತೆರೆದಾಗ ಸೀರೆಯ ಮರೆಯಲ್ಲಿ ಚಿವುಟಿದ್ದಳು, ಸುಮ್ಮನಿರು ಅಂತ, ಗೌಡರ ಮನೆಯ ಮದುವೆಯಲ್ಲಿ ಹಸಿವು ಅಂದಾಗ ಚಿವುಟಿದ್ದಳು, ಬಸ್ಸಿನಲ್ಲಿ, ಸಂತೆಯಲ್ಲಿ, ಅಪ್ಪನ ಹೆಣ ಎತ್ತುವಾಗ ಕೂಡ, ಆಮೇಲಾಮೇಲೆ ಚಿವುಟುವುದೂ ಬೇಕಿರಲಿಲ್ಲ, ಎರಡು ಬೆರಳು ತೊಡೆಗೆ ತಗುಲಿದರೆ ಸಾಕು, ಕೂಸಿನ ಬಾಯಿ ತಾನೇ ಮುಚ್ಚುತ್ತಿತ್ತು, ಎಷ್ಟು ಜಾಣ ಕೂಸು ಅನ್ನುತ್ತಿದ್ದರು ನೋಡಿದವರು. ಹುಡುಗಿ ತಾಯಿಯ ಮಾತು ಕೇಳಿದ್ದಾಳೆ, ಅಷ್ಟೆ. ಅವಳು ಕೈ ಹೊರಗೆ ತೆಗೆದಳು, ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಬೆಂಚಿಗೆ ಒರೆಸಿದಳು.

ಹಾಗಾದರೆ ತಾನೇ ಚೀರಬೇಕು. ಹುಲುಗಮ್ಮ ಬಾಯಿ ತೆರೆದಳು, ತೆರೆದು ನಿಂತಳು, ಎದೆ ಉಬ್ಬಿತು, ಗಂಟಲಿನ ತನಕ ಬಂತು, ಅಲ್ಲಿ ನಿಂತಿತು, ಹೊರಗೆ ಬಂದದ್ದು ಒಂದು ಸಣ್ಣ ಕೆಮ್ಮು, ಪಕ್ಕದವಳು ತಿರುಗಿ ನೋಡಿ ಸ್ವಲ್ಪ ಸರಿದು ಕುಳಿತಳು. ಮಿಲ್ಲಿನ ಸೈರನ್ ಹೊಡೆಯಿತು. ಕಂದು ಚಪ್ಪಲಿ ಎದ್ದವು, ಬಲಗಡೆಗೆ ನಡೆದವು, ಹಿಂದಿನ ಬಾಗಿಲು ಸದ್ದು ಮಾಡಿತು, ಹೊರಗೆ ಕಾರು ಶುರುವಾಯಿತು, ಪರದೆಯ ಕೆಳಗೆ ಬರೀ ನೆಲ. ಮೂವತ್ತಮೂರರಿಂದ ಮುಂದಿನೋರು ಗುರುವಾರ ಬರ್ರಿ, ಇದೇ ಚೀಟಿ ತರ್ರಿ, ಹೊಸದು ಮಾಡಸಬ್ಯಾಡ್ರಿ, ಎಂದು ಉಜ್ಜಿನಪ್ಪ ಕಿಟಕಿಯ ಬಾಗಿಲು ಹಾಕಿದ, ಜನ ಗೊಣಗುತ್ತ ಎದ್ದರು, ಎರ್ರಮ್ಮ ಸೊಸೆಯನ್ನು ಎಬ್ಬಿಸಿಕೊಂಡು ಹೋದಳು. ಗುರುವಾರ. ಇವತ್ತು ಮಂಗಳವಾರ. ಏಳವ್ವ, ಎಂದಳು ಹುಲುಗಮ್ಮ, ಹರಪನಹಳ್ಳಿಗೆ ಹೋಗೂನು, ಅಲ್ಲಿ ದೊಡ್ಡ ದವಾಖಾನಿ ಐತಿ, ಬಸ್ಸು ಇರಬೇಕು ಈಗ, ಏಳು. ಮಾಳಮ್ಮ ನೆಟ್ಟಗೆ ಗೋಡೆಗೆ ಒರಗಿ ಕುಳಿತಿದ್ದಳು, ಬಿಚ್ಚಿದ ಕೂದಲು ಎದೆಯ ಮೇಲೆ, ಕೆನ್ನೆಯಲ್ಲಿ ಧೂಳು, ಹಣೆಯಲ್ಲಿ ಕುಂಕುಮ ಕದಲದೆ, ಬಾಯಲ್ಲಿ ಸೆರಗು. ನಿದ್ದಿ ಬಂತೇನವ್ವ. ನೀಲಗಂಗಮ್ಮ ಬೀಗದ ಗೊಂಚಲು ಹಿಡಿದುಕೊಂಡು ಬಂದಳು, ಏಳ್ರಿ, ಕಸ ಹೊಡೀಬೇಕು, ನೋಡು, ಸುಮ್ಮನಾಗ್ಯಾಳ, ಇಳದಿರಬೇಕು ನೋವು, ಎಂದವಳು ಅಲ್ಲೇ ನಿಂತಳು, ಒಂದು ಹೆಜ್ಜೆ ಮುಂದೆ ಬಂದಳು, ಬಾಗಿದಳು, ಮಾಳಮ್ಮನ ಕಣ್ಣಿನ ರೆಪ್ಪೆ ಎತ್ತಿ ನೋಡಿದಳು, ಮಣಿಕಟ್ಟು ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು, ಬೀಗದ ಗೊಂಚಲು ನೆಲಕ್ಕೆ ಬಿತ್ತು. ಉಜ್ಜಿನಪ್ಪಾ, ಅಮ್ಮಾರ ಕಾರು ಹೋತೇನು ನೋಡ್ರಿ ಜಲ್ದಿ, ಎಂದಳು, ಹೋತಲ್ಲ, ಈಗ ಹೋತು, ಎಂದ ಅವನು ಒಳಗಿನಿಂದ. ನೀಲಗಂಗಮ್ಮ ಮಂಡಿಯೂರಿ ಕುಳಿತು ಹುಲುಗಮ್ಮನನ್ನು ನೋಡಿದಳು, ಬೆಳಿಗ್ಗೆಯಿಂದ ಮೊದಲನೆಯ ಸಲ ಪೂರಾ ನೋಡಿದಳು, ದನಿ ಇಳಿದಿತ್ತು, ಬಸುರು ಒಳಗ ಒಡದಿರಬೇಕು, ಮೊದ್ಲೇ ಹೇಳಬಾರದೇನಬೇ ನೀನು, ಇಷ್ಟಿತ್ತು ಅಂತ.

ಹೇಳಿದ್ದೆನಲ್ಲ, ಎರಡು ಸಲ, ಕಿಟಕಿಯದೂ ಸೇರಿದರೆ ಮೂರು, ಹೇಳಿದ್ದೆನೇ ಇಲ್ಲವೇ, ಹುಲುಗಮ್ಮನಿಗೆ ಈಗ ಅದೂ ಸರಿಯಾಗಿ ನೆನಪಾಗುತ್ತಿಲ್ಲ, ಉಸಿರಾಡಲಿಕ್ಕೆ ಆಗಬೇಕಲ್ಲ ಕೂಸಿಗೆ, ಬಾಯಿ ತುಂಬ ಬಟ್ಟೆ ತುರುಕಿಕೊಂಡು ಕುಳಿತರೆ ಹೇಗೆ, ಬಿಡವ್ವ, ಎಂದು ಸೆರಗು ಹಿಡಿದು ಎಳೆದಳು, ಬರಲಿಲ್ಲ, ಮಂದಿ ಹೋಗ್ಯಾರ ನೋಡು, ಯಾರೂ ಇಲ್ಲ, ಬಿಡು, ಎಳೆದಳು, ಬರಲಿಲ್ಲ, ಬೆರಳಿನಿಂದ ತುಟಿ ಸರಿಸಿದಳು, ಹಲ್ಲು ಬೆಳ್ಳಗೆ, ಸಾಲಾಗಿ, ಬೆಳಿಗ್ಗೆ ಇದ್ದಿಲಿನಿಂದ ಉಜ್ಜಿದ್ದು, ನಡುವೆ ಕೆಂಪು ಸೆರಗು, ಬಿಡು ನನ್ನವ್ವ, ಎಳೆದಳು, ಹಲ್ಲು, ಕೆಂಪು ಸೆರಗು, ಎಳೆದಳು, ಬರಲಿಲ್ಲ, ಹಲ್ಲು, ಸೆರಗು.